ಹಲಗಲಿಯ ಹತಾರಗಳೂ ಆಯುಧಶಾಸನದ ವಿಚಾರವೂ

ಊರಿನಲ್ಲಿ ಒಂದು ಘೋರವಾದ ಕೊಲೆ ನಡೆದರೆ ಜನರ ದೃಷ್ಟಿಯು ಮೊದಲನೆಯ ದಿನ ಕೊಂದವನ ಮೇಲೆ ಬೀಳುತ್ತದೆ. ಮರುದಿನ ಕೊಂದ ವಸ್ತುವಿನ ಮೇಲೆ ಬೀಳುತ್ತದೆ. ಬಂದೂಕಿನಿಂದ ಕೊಂದಿದ್ದರೆ, ಇಂಥವನ ಕೈಗೆ ಬಂದೂಕು ಬಂದುದು ಹೇಗೆಂದು ಕೇಳುತ್ತೇವೆ; ಕತ್ತಿಯಿಂದ ಕೊಂದಿದ್ದರೆ, ಇಂಥ ಕತ್ತಿಯನ್ನು ಅಂಗಡಿಯಲ್ಲಿ ಮಾರಗೊಡುವುದೇಕೆ ಎನ್ನುತ್ತೇವೆ. ಆಗ ಎರಡು ಪಕ್ಷಗಳು ಹುಟ್ಟುತ್ತವೆ. ವಸ್ತುವನ್ನು ತಡೆದರೆ ಪಾತಕವೂ ನಿಲ್ಲುವುದೆಂದು ಒಂದು ಪಕ್ಷ; ವಸ್ತು ಜಡವಾದುದು, ಪಾತಕವು ಮನಸ್ಸಿನದು, ಮನಸ್ಸಿಗೆ ಕಾಯಿದೆಯ ಬೇಲಿ ಕಟ್ಟಲು ಬಾರದೆಂದು ಇನ್ನೊಂದು ಪಕ್ಷ. ಎರಡನೆಯವರು ಮೊದಲನೆಯವರನ್ನು ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವವರೆಂದು ನಗುತ್ತಾರೆ. ಮೊದಲನೆಯವರು ಎರಡನೆಯವರನ್ನು ಮಗುವಿನ ಕೈಗೆ ಕೊಳ್ಳಿ ಕೊಟ್ಟು ಮನೆಯನ್ನು ದೇವರಿಗೆ ಒಪ್ಪಿಸುವವರೆಂದು ಜರಿಯುತ್ತಾರೆ. ವಾದವು ಎಲ್ಲಿ ಆರಂಭವಾಯಿತೋ ಅಲ್ಲಿಯೇ ನಿಲ್ಲುತ್ತದೆ.

ಈ ವಾದವನ್ನು ತರ್ಕದಿಂದ ತೀರಿಸುವುದು ಕಷ್ಟ. ಆದರೆ ಇತಿಹಾಸವನ್ನು ಕೇಳಿದರೆ ಅದು ಕೆಲವು ಮಾತುಗಳನ್ನು ಹೇಳಬಲ್ಲದು. ಆಯುಧವನ್ನು ಪ್ರಜೆಯ ಕೈಯಿಂದ ತೆಗೆದುಕೊಂಡವರು ಯಾರು? ಯಾರ ಕೈಯಿಂದ ತೆಗೆದುಕೊಂಡು ಯಾರ ಕೈಯಲ್ಲಿ ಉಳಿಸಿದರು? ತೆಗೆದುಕೊಂಡುದಕ್ಕೆ ಪ್ರತಿಯಾಗಿ ಏನನ್ನು ಕೊಟ್ಟರು? ಈ ಮೂರು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ನಮ್ಮ ನಾಡಿನ ಒಂದೆರಡು ಪ್ರಸಂಗಗಳನ್ನೂ, ಅವುಗಳಿಗೆ ಸಂಬಂಧಪಟ್ಟ ಶಾಸನಗಳನ್ನೂ ನೋಡಬೇಕೆಂಬುದೇ ಈ ಲೇಖನದ ಉದ್ದೇಶ.

ಪ್ರಜೆಗಳನ್ನು ನಿರಾಯುಧರನ್ನಾಗಿ ಮಾಡುವ ಕಾರ್ಯವು ಇಂಗ್ಲಿಷರಿಂದ ಮೊದಲಾದುದೇನೂ ಅಲ್ಲ. ಜಪಾನ ದೇಶದಲ್ಲಿ ಟೊಯೊಟೊಮಿ ಹಿದೆಯೋಶಿಯು 1588ರಲ್ಲಿ ಒಕ್ಕಲಿಗರು ಖಡ್ಗ, ಬಿಲ್ಲು, ಭರ್ಜಿ, ಬಂದೂಕುಗಳನ್ನು ಇಟ್ಟುಕೊಳ್ಳಕೂಡದೆಂದು ಅಪ್ಪಣೆ ಮಾಡಿ ಹಳ್ಳಿಹಳ್ಳಿಗಳಿಂದ ಅವುಗಳನ್ನು ತರಿಸಿಕೊಂಡನು. ಈ ಲೋಹವೆಲ್ಲ ಮಹಾಬುದ್ಧನ ಮಂದಿರದ ಮೊಳೆ ಚಿಲಕಗಳಿಗೆ ಉಪಯೋಗವಾಗುವುದೆಂದೂ, ಕೊಟ್ಟವರಿಗೆ ಇಹಪರಗಳೆರಡರಲ್ಲಿಯೂ ಪುಣ್ಯವುಂಟೆಂದೂ ಆ ಅಪ್ಪಣೆಯಲ್ಲಿ ಹೇಳಲಾಗಿತ್ತು. ಒಕ್ಕಲಿಗರು ದಂಗೆಯೇಳದಂತೆ ಮಾಡುವುದೇ ಅದರ ನಿಜವಾದ ಗುರಿಯಾಗಿತ್ತು. ಆಯುಧವನ್ನು ಬೇಡುವ ಪ್ರಭುವು ಹೇಳುವ ಕಾರಣ ಒಂದು, ಮನಸ್ಸಿನಲ್ಲಿರುವ ಕಾರಣ ಇನ್ನೊಂದು ಆಗಿರಬಹುದೆಂಬುದಕ್ಕೆ ಇದು ಹಳೆಯ ಸಾಕ್ಷಿಯಾಗಿದೆ.

ಇನ್ನು ನಮ್ಮ ನಾಡಿಗೆ ಬರೋಣ. 1857ರ ಬೇಸಗೆಯಲ್ಲಿ ಉತ್ತರಹಿಂದುಸ್ಥಾನದಲ್ಲಿ ಸಿಪಾಯಿಗಳು ತಿರುಗಿಬಿದ್ದ ಸುದ್ದಿಯಿಂದ ಕುಂಪಣಿ ಸರಕಾರವು ತಲ್ಲಣಿಸಿತು. ಆ ವರ್ಷದ ಸೆಪ್ಟೆಂಬರ ತಿಂಗಳಲ್ಲಿ ಆಯುಧಗಳ ತಯಾರಿಕೆ, ಮಾರಾಟ, ಇಟ್ಟುಕೊಳ್ಳುವಿಕೆಗಳನ್ನು ಹತೋಟಿಗೆ ತರುವ 28ನೆಯ ಕಾಯಿದೆಯು ಹೊರಟಿತು. ದಕ್ಷಿಣಮಹಾರಾಷ್ಟ್ರವೆಂದು ಆಗ ಕರೆಯಲ್ಪಡುತ್ತಿದ್ದ ನಮ್ಮ ಬೆಳಗಾವಿ, ಧಾರವಾಡ, ಕಲಾದಗಿ ಸೀಮೆಗಳಲ್ಲಿಯೂ, ಅವುಗಳ ನಡುನಡುವೆ ಇದ್ದ ಸಂಸ್ಥಾನಗಳಲ್ಲಿಯೂ ಹತಾರಗಳನ್ನು ತಂದೊಪ್ಪಿಸಬೇಕೆಂದು ಡಂಗುರ ಸಾರಲಾಯಿತು.

ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯು ಆಗ ಒಂದು ಸಣ್ಣ ಹಳ್ಳಿ. ಈಗ ಅದು ಬಾಗಲಕೋಟೆ ಜಿಲ್ಲೆಯಲ್ಲಿದೆ. ಅಲ್ಲಿ ಬೇಡರ ಒಕ್ಕಲು ಹೆಚ್ಚು. ಬೇಟೆಯೂ, ಅರಸರ ದಂಡಿನಲ್ಲಿ ಕಾಲಾಳುತನವೂ, ಊರ ಕಾವಲೂ ಬೇಡರ ಪರಂಪರೆಯ ವೃತ್ತಿಗಳು. ಒಕ್ಕಲಿಗನಿಗೆ ನೇಗಿಲು ಹೇಗೋ ಬೇಡನಿಗೆ ಹತಾರ ಹಾಗೆ. ಅದು ಅವನ ಅನ್ನ, ಅದು ಅವನ ಮಾನ. ಇಂಥವನಿಗೆ ಹತಾರವನ್ನು ತಂದಿಡು ಎಂದರೆ, ದುಡಿಯುವ ಕೈಯನ್ನೇ ಕತ್ತರಿಸಿಡು ಎಂದಂತೆ ಕೇಳಿಸಿತು. ಜಡಗ, ಬಾಲ ಮೊದಲಾದ ಮುಖಂಡರು, ಜೀವ ಹೋದರೂ ಹತಾರ ಕೊಡಲಾರೆವೆಂದು ನಿಂತರು. ಸಂಸ್ಥಾನದ ಅಧಿಕಾರಿಗಳು ಹೇಳಿಸಿದ ಬುದ್ಧಿಮಾತು ನಡೆಯಲಿಲ್ಲ. ನವೆಂಬರ ತಿಂಗಳ ಕೊನೆಯಲ್ಲಿ ಕುಂಪಣಿಯ ದಂಡು ಹಲಗಲಿಯನ್ನು ಮುತ್ತಿತು. ಕುದುರೆಯ ದಂಡಿಗೂ ತೋಫಿನ ಬಲಕ್ಕೂ ಹಳ್ಳಿಯ ಬಂದೂಕುಗಳು ಈಡಾಗಲಿಲ್ಲ. ಊರಿಗೆ ಬೆಂಕಿ ಬಿದ್ದಿತು. ಬಹಳ ಜನ ಮಡಿದರು. ಇನ್ನೂ ಬಹಳ ಜನ ಸೆರೆಸಿಕ್ಕರು. ಡಿಸೆಂಬರದಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಹಲವರನ್ನು ಗಲ್ಲಿಗೇರಿಸಿದರು.

ಈ ವೃತ್ತಾಂತವು ಸರಕಾರದ ದಫ್ತರಗಳಲ್ಲಿ ಒಂದು ಗದ್ದಲದ ವರದಿಯಾಗಿ ಉಳಿಯಿತು. ಜನರ ಬಾಯಲ್ಲಿ ಲಾವಣಿಯಾಗಿ ಉಳಿಯಿತು. ಶಾಸನಗಳ ಸಂಶೋಧಕನೆಂದು ನಮಗೆಲ್ಲ ಪರಿಚಿತನಾದ ಫ್ಲೀಟನು ಕನ್ನಡ ಲಾವಣಿಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದಾಗ ಹಲಗಲಿಯ ಬೇಡರ ಲಾವಣಿಯೂ ಅವುಗಳಲ್ಲಿ ಸೇರಿತು. ಊರನ್ನು ಸುಟ್ಟ ಆಡಳಿತದ ಅಧಿಕಾರಿಯೊಬ್ಬನೇ ಆ ಊರಿನ ಹಾಡನ್ನು ಕಾಪಾಡಿಕೊಟ್ಟನೆಂಬುದು ಇತಿಹಾಸದ ವೈಚಿತ್ರ್ಯಗಳಲ್ಲಿ ಒಂದು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಹತಾರಗಳನ್ನು ಕೇಳಿದಾಗ ಹಲಗಲಿಯ ಬೇಡರು ಯಾವ ದಂಗೆಯನ್ನೂ ಎಬ್ಬಿಸಿರಲಿಲ್ಲ. ಹತಾರಗಳನ್ನು ಕೇಳಿದ್ದರಿಂದಲೇ ದಂಗೆ ಎದ್ದಿತು. ಕಾಯಿದೆಯು ತಡೆಯಬೇಕೆಂದಿದ್ದ ಕೇಡನ್ನು ತಾನೇ ಹುಟ್ಟಿಸಿತು. ಮರುವರ್ಷ ಮುಂಡರಗಿಯ ಭೀಮರಾಯನ ಪ್ರಸಂಗದಲ್ಲಿಯೂ ಹಮ್ಮಿಗೆಯಲ್ಲಿ ಸಂಗ್ರಹಿಸಿಟ್ಟಿದ್ದ ಆಯುಧಗಳು ಪತ್ತೆಯಾದುದೇ ಕಿಡಿಯಾಯಿತು. ನರಗುಂದದ ಬಾಬಾಸಾಹೇಬನ ಬಂಡಾಯಕ್ಕೆ ದತ್ತಕವನ್ನು ನಿರಾಕರಿಸಿದ್ದೇ ಮುಖ್ಯ ಕಾರಣವಾದರೂ, ನಿರಾಯುಧೀಕರಣದ ಅವಮಾನವೂ ಅದಕ್ಕೆ ತುಪ್ಪ ಹೊಯ್ದಿತು. 1858ರ ಮೇ 29ರಂದು ಸುರೇಬಾನದಲ್ಲಿ ಮ್ಯಾನ್ಸನ್ನನ ಕೊಲೆಯಾಯಿತು. ಜೂನ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅಂದ ಮೇಲೆ ಈ ಶಾಸನದ ಮೊದಲನೆಯ ವರ್ಷದ ಲೆಕ್ಕವನ್ನು ನಮ್ಮ ನಾಡು ರಕ್ತದಲ್ಲಿ ಬರೆದಿದೆಯೆಂದರೆ ಅತಿಶಯೋಕ್ತಿಯಾಗದು.

ಹಾಗಿದ್ದರೂ 1857ರ ಆ ಕಾಯಿದೆಗೆ ಒಂದು ಗುಣವನ್ನು ನ್ಯಾಯವಾಗಿ ಒಪ್ಪಬೇಕು. ಗವರ್ನರ್ ಜನರಲ್ ಕ್ಯಾನಿಂಗನು ಅದರಲ್ಲಿ ಯುರೋಪಿಯನರನ್ನು ಬೇರೆಯಾಗಿ ಇಡಲಿಲ್ಲ. ಕಲಕತ್ತೆಯ ಬಿಳಿಯ ವ್ಯಾಪಾರಿಗಳು, ತಮ್ಮನ್ನೂ ನೇಟಿವರ ಸಾಲಿನಲ್ಲಿ ನಿಲ್ಲಿಸಿದನೆಂದು ಅವನ ಮೇಲೆ ಕೆಂಡ ಕಾರಿದರು. ಇಪ್ಪತ್ತೊಂದು ವರ್ಷಗಳ ಮೇಲೆ ಲಿಟ್ಟನ್ನನು ವೈಸರಾಯನಾಗಿದ್ದಾಗ ಆ ಗುಣವೂ ಹೋಯಿತು. 1878ರ 11ನೆಯ ಕಾಯಿದೆಯು ದೇಶಕ್ಕೆಲ್ಲ ಪರವಾನಗಿಯ ಕಟ್ಟನ್ನು ಹಾಕಿತು. ಅದರ ಕೆಳಗಿನ ನಿಯಮಗಳು ಯುರೋಪಿಯನರಿಗೆ ಆ ಕಟ್ಟಿನಿಂದ ವಿನಾಯಿತಿ ಕೊಟ್ಟವು. ನಿನ್ನೆ ಹಡಗಿನಿಂದಿಳಿದ ಪರದೇಶದ ಹುಡುಗನು ಬಂದೂಕು ಹೊತ್ತು ತಿರುಗಬಹುದು. ಕಾಡಂಚಿನಲ್ಲಿ ಹುಲಿಗೂ ಹಂದಿಗೂ ಮೈಯೊಡ್ಡಿ ಬಾಳುವ ರೈತನು ಅಧಿಕಾರಿಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲಬೇಕು. ಅದೇ 1878ರಲ್ಲಿ ದೇಶಭಾಷೆಗಳ ಪತ್ರಿಕೆಗಳ ಬಾಯಿ ಕಟ್ಟುವ ಕಾಯಿದೆಯನ್ನೂ ಲಿಟ್ಟನ್ನನು ತಂದಿದ್ದನೆಂಬುದನ್ನು ಮರೆಯಬಾರದು. ಕೈಯನ್ನೂ ಬಾಯನ್ನೂ ಒಂದೇ ವರ್ಷದಲ್ಲಿ ಕಟ್ಟಿದಂತಾಯಿತು. ಬಾಯ ಕಟ್ಟು ನಾಲ್ಕೈದು ವರ್ಷಗಳಲ್ಲಿ ಬಿಚ್ಚಿತು. ಕೈಯ ಕಟ್ಟು ಬಹುಕಾಲ ಉಳಿಯಿತು.

ಅಧಿಕಾರಿಗಳ ದೃಷ್ಟಿಯು ನಿಜವಾಗಿಯೂ ಪಾತಕದ ಮೇಲಿತ್ತೋ, ನಿಷ್ಠೆಯ ಮೇಲಿತ್ತೋ ಎಂಬುದನ್ನು ತಿಳಿಯಬೇಕಾದರೆ ಹಲಗಲಿಯ ಪಕ್ಕದಲ್ಲಿ ಕೊಡಗನ್ನು ಇಟ್ಟು ನೋಡಬೇಕು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಗದ್ದುಗೆಯಿಂದ ಇಳಿಸಿ ಕೊಡಗನ್ನು ಕುಂಪಣಿಯ ಆಡಳಿತಕ್ಕೆ ಸೇರಿಸಿಕೊಂಡಿದ್ದರು. ಅಲ್ಲಿಯ ಜನರೂ ಆಯುಧಪ್ರಿಯರೇ. ಗಂಡುಮಗು ಹುಟ್ಟಿದರೆ ಕೋವಿಯ ಗುಂಡು ಹಾರಿಸಿ ನೆರೆಹೊರೆಗೆ ತಿಳಿಸುವುದು, ಸಾವಾದರೆ ಗುಂಡಿನ ಸದ್ದಿನಿಂದಲೇ ಕೇರಿಯನ್ನು ಕರೆಯುವುದು, ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಕತ್ತಿಗಳಿಗೆ ಹೂವಿಟ್ಟು ಪೂಜಿಸುವುದು, ಪೀಚೆಕತ್ತಿಯಿಲ್ಲದೆ ಮದುವಣಿಗನ ಉಡುಪು ಪೂರ್ಣವಾಗದಿರುವುದು - ಇವೆಲ್ಲ ಅವರ ಬಾಳಿನ ಅಂಗಗಳಾಗಿವೆ. ನಿರಾಯುಧೀಕರಣದ ಕಾಲದಲ್ಲಿ ಇವರ ಕೋವಿಗಳಿಗೆ ಏನಾಯಿತು? 1861ರ ಫೆಬ್ರವರಿಯಲ್ಲಿ ಮೈಸೂರು ಕೊಡಗುಗಳ ಕಮಿಷನರನಾಗಿದ್ದ ಮಾರ್ಕ್ ಕಬ್ಬನನು, ಕೊಡಗರ ಶೌರ್ಯವನ್ನೂ ರಾಜನಿಷ್ಠೆಯನ್ನೂ ಹೊಗಳಿ, ಅವರನ್ನು ಆ ಕಾಯಿದೆಯಿಂದ ಬಿಟ್ಟುಕೊಟ್ಟನು.

ಇದರಲ್ಲಿ ಕೊಡಗರ ತಪ್ಪೇನೂ ಇಲ್ಲ. ಅವರು ತಮ್ಮ ಮರ್ಯಾದೆಯನ್ನು ಉಳಿಸಿಕೊಂಡರು. ಅಷ್ಟನ್ನು ಯಾವ ಜನರೂ ಬಯಸುವರು. ಆದರೆ ಸರಕಾರದ ತಕ್ಕಡಿಯನ್ನು ನೋಡಿರಿ. ಕೋವಿಯು ಅಪಾಯದ ವಸ್ತುವಾಗಿದ್ದರೆ ಹಲಗಲಿಯಲ್ಲಿ ಎಷ್ಟು ಅಪಾಯವೋ ಮಡಿಕೇರಿಯಲ್ಲಿಯೂ ಅಷ್ಟೇ ಅಪಾಯ. ಕೋವಿಯು ಒಂದು ಜನಾಂಗದ ಮಾನವಾಗಿದ್ದರೆ ಕೊಡಗರಿಗೆ ಹೇಗೋ ಬೇಡರಿಗೂ ಹಾಗೆಯೇ. ಇಬ್ಬರಲ್ಲಿಯೂ ಆಯುಧ ಒಂದೇ, ಅದರ ಮೇಲಿನ ಪ್ರೀತಿ ಒಂದೇ. ಬೇರೆಯಾದುದು ಆಳುವವರ ನಂಬಿಕೆ ಮಾತ್ರ. ನಂಬಿದವರಿಗೆ ಸನದು, ನಂಬದವರಿಗೆ ನೇಣು. ಪಾತಕವನ್ನು ತಡೆಯುವ ಮಾತು ಈ ತಕ್ಕಡಿಯ ಯಾವ ತಟ್ಟೆಯಲ್ಲಿಯೂ ಇರಲಿಲ್ಲ.

ದೇಶದ ಮುಖಂಡರು ಇದನ್ನು ಬೇಗನೆ ಅರಿತರು. 1887ರಲ್ಲಿ ಮದರಾಸಿನಲ್ಲಿ ಸೇರಿದ ಮೂರನೆಯ ಕಾಂಗ್ರೆಸ್ಸು ಆಯುಧದ ಕಾಯಿದೆಯನ್ನು ತಿದ್ದಬೇಕೆಂದು ನಿರ್ಣಯ ಮಾಡಿತು. ಮುಂದೆಯೂ ಆ ಬೇಡಿಕೆ ಮರಳಿ ಮರಳಿ ಕೇಳಿಬಂದಿತು. ಅಹಿಂಸೆಯನ್ನೇ ಉಸಿರಾಗಿಸಿಕೊಂಡಿದ್ದ ಗಾಂಧೀಜಿಯವರು ಸಹ 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಹೊರಡಿಸಿದ ಪತ್ರಕದಲ್ಲಿ, ಒಂದು ಜನಾಂಗವನ್ನೇ ನಿರಾಯುಧವಾಗಿಸಿದ ಈ ಕಾಯಿದೆಯು ಬ್ರಿಟಿಷ್ ಆಳ್ವಿಕೆಯ ದುಷ್ಕೃತ್ಯಗಳಲ್ಲೆಲ್ಲ ಕರಾಳವಾದುದೆಂಬ ಅಭಿಪ್ರಾಯವನ್ನು ಕೊಟ್ಟರು. ಹಿಂಸೆ ಬೇಡವೆನ್ನುವುದು ಬೇರೆ, ಹಿಂಸೆಗೆ ಅಶಕ್ತನಾಗಿರುವುದು ಬೇರೆಯೆಂದು ಅವರು ತಿಳಿದಿದ್ದರು. 1931ರ ಕರಾಚಿಯ ಕಾಂಗ್ರೆಸ್ಸು ಮೂಲಭೂತವಾದ ಹಕ್ಕುಗಳನ್ನು ಎಣಿಸುವಾಗ, ತಕ್ಕ ನಿಯಮಗಳಿಗೆ ಒಳಪಟ್ಟು ಆಯುಧವನ್ನು ಇಟ್ಟುಕೊಳ್ಳುವ ಹಕ್ಕನ್ನೂ ಅವುಗಳಲ್ಲಿ ಸೇರಿಸಿತು.

ಸ್ವಾತಂತ್ರ್ಯವು ಬಂದಿತು, ರಾಜ್ಯಾಂಗವನ್ನು ರಚಿಸುವ ಸಭೆಯು ಕುಳಿತಿತು. ಕರಾಚಿಯಲ್ಲಿ ಕೊಟ್ಟ ಮಾತನ್ನು ನಡೆಸಬೇಕೆಂದು 1948ರ ಡಿಸೆಂಬರ ಆರಂಭದಲ್ಲಿ ತಿದ್ದುಪಡಿ ತಂದವರು ಎಚ್. ವಿ. ಕಾಮತರು. ಮಂಗಳೂರಿನಲ್ಲಿ ಹುಟ್ಟಿ, ಐ. ಸಿ. ಎಸ್. ಹುದ್ದೆಯನ್ನು ಬಿಟ್ಟು ದೇಶಕಾರ್ಯಕ್ಕೆ ಇಳಿದಿದ್ದ ಇವರು ಮಧ್ಯಪ್ರಾಂತದ ಪ್ರತಿನಿಧಿಯಾಗಿ ಆ ಸಭೆಯಲ್ಲಿದ್ದರು. ಪರಾಧೀನರಾಗಿದ್ದಾಗ ನಾವು ಯಾವುದನ್ನು ಹಕ್ಕೆಂದು ಕೇಳಿದೆವೋ ಅದನ್ನು ಸ್ವಾಧೀನರಾದ ಮೇಲೆ ಮರೆಯುವುದು ಸರಿಯೇ ಎಂಬುದು ಅವರ ವಾದದ ತಿರುಳು.

ಡಾಕ್ಟರ ಅಂಬೇಡಕರರು ಇದಕ್ಕೆ ಕೊಟ್ಟ ಉತ್ತರವು ಮನನಯೋಗ್ಯವಾಗಿದೆ. ಕಾಂಗ್ರೆಸ್ಸು ಆ ಹಕ್ಕಿಗಾಗಿ ಚಳವಳಿ ಮಾಡಿದ್ದು ನಿಜವೆಂದು ಅವರು ಒಪ್ಪಿದರು. ಆದರೆ ಬ್ರಿಟಿಷರು ಆಯುಧವನ್ನು ನಿರಾಕರಿಸಿದ್ದು ಶಾಂತಿಪಾಲನೆಗಾಗಿಯಲ್ಲ, ಆಳಿಸಿಕೊಳ್ಳುವ ಜನರು ಪರಕೀಯರ ಸರಕಾರದ ಮೇಲೆ ಏಳಬಾರದೆಂದು. ಆ ಕಾರಣವು ಈಗ ಅಳಿದುದರಿಂದ ಅದನ್ನು ಆಧರಿಸಿದ ಬೇಡಿಕೆಯೂ ತನ್ನ ಬಲವನ್ನು ಕಳೆದುಕೊಂಡಿತೆಂದರು. ಯಾರು ಬೇಕಾದರೂ ಪೇಟೆಗೆ ಹೋಗಿ, ಯಾವ ಅಡ್ಡಿಯೂ ಇಲ್ಲದೆ, ಎಂಥ ಆಯುಧವನ್ನಾದರೂ ಕೊಂಡು ತರಬಹುದಾದರೆ ರಾಜ್ಯಭಾರವು ನಡೆಯುವುದು ಹೇಗೆಂದು ಕೇಳಿದರು. ತಿದ್ದುಪಡಿಯು ಬಿದ್ದುಹೋಯಿತು.

ಈ ಇಬ್ಬರಲ್ಲಿ ಯಾರ ಮಾತು ಸರಿ? ನಮಗೆ ತೋರುವಂತೆ, ಕಾಮತರು ಹಲಗಲಿಯ ನೆನಪನ್ನು ಕಾಪಾಡಿದರು. ಅಂಬೇಡಕರರು ಮುಂದಿನ ಮನೆಯ ಭಾರವನ್ನು ಹೊತ್ತು ಮಾತಾಡಿದರು. ಅಂಬೇಡಕರರ ಉತ್ತರವು ಒಂದು ಷರತ್ತಿನ ಮೇಲೆ ನಿಂತಿದೆಯೆಂಬುದನ್ನು ಮಾತ್ರ ಕಾಣಬೇಕು. ರಾಜ್ಯವು ಈಗ ನಮ್ಮದು. ಆದುದರಿಂದ ನಾವು ಕೈಯನ್ನು ಬರಿದು ಮಾಡಿಕೊಳ್ಳಬಹುದು. ಆ ರಾಜ್ಯವು ನಮ್ಮದಾಗಿ ಉಳಿಯದಿದ್ದರೆ, ಅಂದರೆ ಬಲಹೀನನನ್ನು ಕಾಯದೆ, ಪ್ರಶ್ನೆಗೆ ಉತ್ತರ ಕೊಡದೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ ನಡೆದರೆ, ಆ ಉತ್ತರದ ಬುಡವೇ ಅಲುಗುವುದು.

1959ರ ಆಯುಧ ಕಾಯಿದೆಯು ಈ ಷರತ್ತನ್ನು ಸ್ವಲ್ಪಮಟ್ಟಿಗೆ ಅಕ್ಷರಕ್ಕೆ ಇಳಿಸಿತು. ಅದು 1962ರ ಅಕ್ಟೋಬರ 1ರಿಂದ ನಡೆವಳಿಕೆಗೆ ಬಂದು 1878ರ ಕಾಯಿದೆಯನ್ನು ತೊಲಗಿಸಿತು. ಪರವಾನಗಿಯ ಕಟ್ಟು ಉಳಿಯಿತಾದರೂ ಬಣ್ಣದ ಭೇದ ಹೋಯಿತು. ಪರವಾನಗಿಯನ್ನು ನಿರಾಕರಿಸುವ ಅಧಿಕಾರಿಯು ಕಾರಣವನ್ನು ಬರೆದಿಡಬೇಕು. ನಿರಾಕರಿಸಲ್ಪಟ್ಟವನು ಮೇಲಿನವರಲ್ಲಿ ಅಪೀಲು ಮಾಡಬಹುದು. ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣದಿಂದ ಯಾರಿಗೂ ಪರವಾನಗಿ ಇಲ್ಲವೆನ್ನಕೂಡದು. ಈ ಕೊನೆಯ ಮಾತು ಚಿಕ್ಕದಾದರೂ ಘನವಾದುದು. ಬಡವನ ಪ್ರಾಣಕ್ಕೂ ಬೆಲೆಯುಂಟೆಂದು ಶಾಸನವೇ ಒಪ್ಪಿದಂತಾಯಿತು. ಬರಿಯ ಮನೆಗೆಲಸಕ್ಕೆ ಅಥವಾ ಬೇಸಾಯಕ್ಕೆಂದೇ ಮಾಡಿದ ಸಾಮಾನುಗಳನ್ನೂ, ಲಾಠಿ ಊರುಗೋಲುಗಳನ್ನೂ ಆಯುಧಗಳ ಲೆಕ್ಕದಿಂದ ಕಾಯಿದೆಯು ಹೊರಗಿಟ್ಟಿದೆ. ಕುಡುಗೋಲಿನಿಂದ ಕೊಲೆಯಾಗುವುದಿಲ್ಲವೆಂದಲ್ಲ; ಕುಡುಗೋಲನ್ನು ತಡೆದರೆ ಸುಗ್ಗಿ ನಿಲ್ಲುವುದೆಂಬ ವಿವೇಕದಿಂದ. ಮುಂದೆ 2019ರ ತಿದ್ದುಪಡಿಯಿಂದ ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಲಾಯಿತು.

ಕೊಡಗಿನ ವಿನಾಯಿತಿಯು ಸ್ವತಂತ್ರಭಾರತದಲ್ಲಿಯೂ ಮುಂದುವರಿಯಿತು. ಕೊಡವರಿಗೂ, ಅಲ್ಲಿಯ ಜಮ್ಮಾ ಭೂಮಿಯ ಒಡೆತನವುಳ್ಳವರಿಗೂ ಅನ್ವಯಿಸುವ ಈ ರಿಯಾಯಿತಿಯನ್ನು 2019ರ ಅಕ್ಟೋಬರದಲ್ಲಿ ಕೇಂದ್ರ ಸರಕಾರವು 2029ರವರೆಗೆ ವಿಸ್ತರಿಸಿತು. ಇದು ಸಮಾನತೆಗೆ ವಿರುದ್ಧವೆಂದು ತಕರಾರು ಬಂದಾಗ ಕರ್ನಾಟಕದ ಉಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರದಲ್ಲಿ ಅದನ್ನು ಎತ್ತಿಹಿಡಿಯಿತು. ಪರಂಪರೆಯಿಂದ ಬಂದುದು, ಕಾಲದ ಮಿತಿಯುಳ್ಳದ್ದು, ಷರತ್ತುಗಳಿಗೆ ಒಳಪಟ್ಟುದು ಎಂಬ ಸಂಗತಿಗಳನ್ನು ನ್ಯಾಯಾಲಯವು ಗಣನೆಗೆ ತಂದುಕೊಂಡಿತು. ಕಬ್ಬನನ ಕೃಪೆಯಾಗಿ ಹುಟ್ಟಿದುದು ಈಗ ನ್ಯಾಯಾಲಯದ ಮುಂದೆ ಕಾರಣ ಹೇಳಬೇಕಾಗಿ ಬಂದಿತೆಂಬುದೇ ಒಂದು ದೊಡ್ಡ ಬದಲಾವಣೆ.

ಇಲ್ಲಿಯವರೆಗೆ ಕೋವಿಕತ್ತಿಗಳ ಮಾತಾಯಿತು. ಕೊಲ್ಲುವುದಕ್ಕೆಂದು ಮಾಡದ ವಸ್ತುಗಳ ಗತಿಯೇನು? ಕೊಲ್ಲುವವನಿಗೆ ಕತ್ತಿಯೇ ಬೇಕೆಂದಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ದಾರಿಹೋಕರಿಗೆ ಮೃತ್ಯುಸ್ವರೂಪರಾಗಿದ್ದ ಠಕ್ಕರ ಮುಖ್ಯ ಆಯುಧವು ಒಂದು ರುಮಾಲು. ದಕ್ಷಿಣದಲ್ಲಿ ಇವರನ್ನು ಫಾಸಿಗಾರರೆನ್ನುತ್ತಿದ್ದರು. ಶ್ರೀರಂಗಪಟ್ಟಣವು ಬಿದ್ದ 1799ರ ಸುಮಾರಿನಲ್ಲಿ ಬೆಂಗಳೂರಿನ ಆಸುಪಾಸಿನಲ್ಲಿ ಇಂಥ ನೂರು ಜನರು ಸಿಕ್ಕಿಬಿದ್ದರು. ಒಂದು ಗೇಣು ಕಬ್ಬಿಣವಿಲ್ಲದೆ, ಹೆಗಲ ಮೇಲಿನ ಬಟ್ಟೆಯಿಂದಲೇ ಇವರು ಕೊರಳು ಬಿಗಿಯುತ್ತಿದ್ದರು. ರುಮಾಲನ್ನು ನಿಷೇಧಿಸಲು ಯಾವ ಸರಕಾರಕ್ಕೂ ಸಾಧ್ಯವಿರಲಿಲ್ಲ. ಆದುದರಿಂದ 1836ರ 30ನೆಯ ಕಾಯಿದೆಯು ವಸ್ತುವನ್ನು ಬಿಟ್ಟು ಮನುಷ್ಯನನ್ನು ಹಿಡಿಯಿತು. ಠಕ್ಕರ ಗುಂಪಿಗೆ ಸೇರಿದವನೆಂದು ಸಿದ್ಧವಾದರೆ ಸಾಕು, ಯಾವಜ್ಜೀವ ಶಿಕ್ಷೆಯಾಯಿತು. ಸ್ಲೀಮನ್ನನೇ ಮೊದಲಾದವರ ಪ್ರಯತ್ನದಿಂದ ಆ ಗುಂಪುಗಳು ಮುರಿದವು, ಹಾದಿಗಳು ನಿರ್ಭಯವಾದವು.

ಹಾಗಾದರೆ ವಸ್ತುವನ್ನು ಬಿಟ್ಟು ಮನುಷ್ಯನನ್ನು ಹಿಡಿಯುವುದೇ ಸರಿಯೆಂದು ನಿಶ್ಚಯಿಸೋಣವೇ? ಆ ದಾರಿಯೂ ನೇರವಾಗಿಲ್ಲ. ಗುಂಪನ್ನು ಶಿಕ್ಷಿಸುವ ರೂಢಿಯು ಬೆಳೆಯುತ್ತ ಹೋಗಿ 1871ರಲ್ಲಿ ಅಪರಾಧಿ ಜಾತಿಗಳ ಕಾಯಿದೆಯಾಯಿತು. ಕೆಲವು ಜಾತಿಗಳಲ್ಲಿ ಹುಟ್ಟಿದವರೆಲ್ಲ ಹುಟ್ಟಿನಿಂದಲೇ ಕಳ್ಳರೆಂದು ಬರೆದುಕೊಂಡು, ಅವರನ್ನು ಹಾಜರಿಯ ಪುಸ್ತಕಕ್ಕೆ ಕಟ್ಟಿಹಾಕಿದರು. ತೊಟ್ಟಿಲಲ್ಲಿಯ ಕೂಸಿಗೂ ಆ ಹೆಸರು ತಪ್ಪಲಿಲ್ಲ. 1952ರಲ್ಲಿ ಆ ಕಾಯಿದೆಯನ್ನು ತೆಗೆದುಹಾಕಿದರು. ಅದರ ಕಳಂಕವು ಆ ಕುಟುಂಬಗಳ ಮೇಲಿನಿಂದ ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ. ವಸ್ತುವನ್ನೇ ಅಪರಾಧಿಯೆಂದೆಣಿಸುವುದು ಒಂದು ತಪ್ಪು; ಜಾತಿಯನ್ನೇ ಅಪರಾಧಿಯೆಂದೆಣಿಸುವುದು ಅದಕ್ಕಿಂತ ದೊಡ್ಡ ತಪ್ಪು. ಬಂದೂಕನ್ನು ಸುಮ್ಮನೆ ಸಂಶಯಿಸಿದರೆ ಬಂದೂಕಿಗೆ ನೋವಾಗದು, ಮನುಷ್ಯನಿಗೆ ಆಗುವುದು.

ಈ ಕಾಲದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬಚ್ಚಲು ತೊಳೆಯುವುದಕ್ಕೂ, ಅಕ್ಕಸಾಲೆಯ ಕೆಲಸಕ್ಕೂ ಬೇಕಾದ ಆಮ್ಲವನ್ನು ಹೆಣ್ಣುಮಕ್ಕಳ ಮುಖದ ಮೇಲೆ ಎರಚುವ ಪೈಶಾಚಿಕ ಕೃತ್ಯಗಳು ನಮ್ಮ ದೇಶದಲ್ಲಿ ನಡೆದವು. ಅವುಗಳನ್ನು ಓದುವಾಗ ಯಾವ ಮನೆಯವರ ಕರುಳು ಹಿಂಡುವುದಿಲ್ಲ? 2013ರ ಜುಲೈ 18ರಂದು ಸರ್ವೋಚ್ಚ ನ್ಯಾಯಾಲಯವು ಈ ವಿಷಯದಲ್ಲಿ ಅಪ್ಪಣೆ ಕೊಟ್ಟಿತು. ಮಾರುವವನು ಕೊಳ್ಳುವವನ ಹೆಸರು, ವಿಳಾಸಗಳನ್ನೂ, ಕೊಂಡ ಪ್ರಮಾಣವನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಕೊಳ್ಳುವವನು ಸರಕಾರವು ಕೊಟ್ಟ ಭಾವಚಿತ್ರದ ಗುರುತುಪತ್ರವನ್ನು ತೋರಿಸಿ ಕೊಳ್ಳುವ ಕಾರಣವನ್ನು ಹೇಳಬೇಕು. ಹದಿನೆಂಟು ವರ್ಷ ತುಂಬದವರಿಗೆ ಮಾರಕೂಡದು. ಆಮ್ಲವನ್ನು ನಿರ್ಮೂಲ ಮಾಡಲಿಲ್ಲ; ಅದು ಹೆಸರಿಲ್ಲದೆ ಕೈಯಿಂದ ಕೈಗೆ ದಾಟುವುದನ್ನು ಮಾತ್ರ ತಡೆಯಲೆಳಸಿತು. ಈ ಅಪ್ಪಣೆಯನ್ನು ಎಲ್ಲ ಅಂಗಡಿಗಳವರೂ ನಿಷ್ಠೆಯಿಂದ ನಡೆಸುತ್ತಾರೆಂದು ಹೇಳುವ ಧೈರ್ಯವು ನಮಗಿಲ್ಲ. ಆದರೂ ಇದರ ರೀತಿಯು ಒಳ್ಳೆಯದು. ಯಾವ ಜಾತಿಯ ಮೇಲೂ ಸಂಶಯವಿಲ್ಲ, ಪ್ರಾಮಾಣಿಕನಿಗೆ ಬಹಳ ತೊಂದರೆಯಿಲ್ಲ, ಕೋಪದ ಕ್ಷಣಕ್ಕೂ ಸೀಸೆಗೂ ನಡುವೆ ಒಂದು ಅಡ್ಡಗಟ್ಟೆಯುಂಟು.

ಕೋಪದ ಕ್ಷಣವೆಂದೆವು. ವಸ್ತುವನ್ನು ತಡೆಯುವುದೆಲ್ಲ ವ್ಯರ್ಥವೆನ್ನುವವರು ಈ ಒಂದು ಮಾತಿಗೆ ಉತ್ತರ ಕೊಡಬೇಕಾಗುವುದು. ಕೊಲ್ಲುವ ಮನಸ್ಸು ಎಲ್ಲರಲ್ಲಿಯೂ ಒಂದೇ ಆಗಿರಬಹುದು. ಆದರೆ ಮನಸ್ಸು ಎಷ್ಟು ಜನರನ್ನು, ಎಷ್ಟು ಹೊತ್ತಿನಲ್ಲಿ ಮುಟ್ಟಬಲ್ಲದೆಂಬುದು ಕೈಯಲ್ಲಿರುವ ವಸ್ತುವಿನಿಂದ ನಿಶ್ಚಯವಾಗುತ್ತದೆ. 1996ರ ಮಾರ್ಚ 13ರಂದು ಸ್ಕಾಟ್ಲೆಂಡಿನ ಡನ್‌ಬ್ಲೇನ್ ಎಂಬ ಊರಿನ ಶಾಲೆಯಲ್ಲಿ ಒಬ್ಬನೇ ಮನುಷ್ಯನು ಕೈಬಂದೂಕುಗಳಿಂದ 16 ಮಕ್ಕಳನ್ನೂ ಒಬ್ಬ ಶಿಕ್ಷಕಿಯನ್ನೂ ಕೊಂದನು. ಅದೇ ವರ್ಷದ ಏಪ್ರಿಲ 28ರಂದು ಆಸ್ಟ್ರೇಲಿಯದ ಪೋರ್ಟ್ ಆರ್ಥರಿನಲ್ಲಿ ಒಬ್ಬನೇ 35 ಜನರನ್ನು ಕೊಂದನು. ಬ್ರಿಟನ್ನಿನಲ್ಲಿ ಮರುವರ್ಷ ಖಾಸಗಿ ಜನರು ಕೈಬಂದೂಕು ಇಟ್ಟುಕೊಳ್ಳುವುದನ್ನು ಬಹುಮಟ್ಟಿಗೆ ನಿಲ್ಲಿಸಿದರು. ಆಸ್ಟ್ರೇಲಿಯದಲ್ಲಿ ಬೇಗಬೇಗನೆ ಗುಂಡು ಹಾರಿಸುವ ಬಂದೂಕುಗಳನ್ನು ನಿಷೇಧಿಸಿ, ಸುಮಾರು 6,50,000 ಬಂದೂಕುಗಳನ್ನು ಬೆಲೆ ಕೊಟ್ಟು ಜನರಿಂದ ಹಿಂದಕ್ಕೆ ತೆಗೆದುಕೊಂಡು ನಾಶಮಾಡಿದರು. ರುಮಾಲಿನಿಂದ ಒಬ್ಬನು ಒಂದು ಶಾಲೆಯ ಒಂದು ತರಗತಿಯನ್ನು ಕೆಲವು ನಿಮಿಷಗಳಲ್ಲಿ ಬರಿದುಮಾಡಲಾರನು. ಅಷ್ಟರ ಮಟ್ಟಿಗೆ ವಸ್ತುವು ಜಡವಾದರೂ ನಿರ್ದೋಷಿಯಲ್ಲ.

ಆಸ್ಟ್ರೇಲಿಯದ ಜನರು ತಮ್ಮ ಬಂದೂಕುಗಳನ್ನು ತಂದುಕೊಟ್ಟರು. ಹಲಗಲಿಯ ಜನರು ಕೊಡಲಿಲ್ಲ. ಈ ವ್ಯತ್ಯಾಸಕ್ಕೆ ಕಾರಣವೇನು? ಒಬ್ಬರು ಶಾಂತರು, ಇನ್ನೊಬ್ಬರು ಮೊಂಡರು ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಅಲ್ಲಿ ಕೇಳಿದವರು ಜನರೇ ಆರಿಸಿದ ಪ್ರತಿನಿಧಿಗಳು. ಕೇಳಿದ ಕಾರಣ ಎಲ್ಲರ ಕಣ್ಣಿಗೂ ಕಾಣುವಂತಿತ್ತು. ಬಡವ ಬಲ್ಲಿದನೆನ್ನದೆ ಎಲ್ಲರಿಂದಲೂ ಕೇಳಿದರು. ಕೊಟ್ಟುದಕ್ಕೆ ಬೆಲೆ ಕೊಟ್ಟರು. ಹಲಗಲಿಯಲ್ಲಿ ಕೇಳಿದವನು ಪರಕೀಯ. ಕಾರಣವು ಅವನ ಭಯ. ಬೇಡನ ಅನ್ನಕ್ಕೂ ಮಾನಕ್ಕೂ ಬದಲಾಗಿ ಕೊಟ್ಟುದು ಏನೂ ಇಲ್ಲ. ಆರಂಭದಲ್ಲಿ ನಾವು ಇಟ್ಟುಕೊಂಡ ಮೂರು ಪ್ರಶ್ನೆಗಳಿಗೂ ಇಲ್ಲಿ ಉತ್ತರ ದೊರೆಯುತ್ತದೆ.

ಆದುದರಿಂದ ಆಯುಧಶಾಸನದ ವಿಚಾರದಲ್ಲಿ ನಿಷೇಧ ಬೇಕೋ ಬೇಡವೋ ಎಂಬ ಬರಿಯ ಪ್ರಶ್ನೆಯು ಅಪೂರ್ಣವಾದುದು. ವಸ್ತುವು ಕೇಡನ್ನು ಎಷ್ಟು ಮಟ್ಟಿಗೆ ಹೆಚ್ಚಿಸುವುದು, ಅದನ್ನು ತಡೆದರೆ ಯಾರ ಬಾಳು ಕೆಡುವುದು, ನಿಯಮವು ಎಲ್ಲರಿಗೂ ಒಂದೆಯೋ, ನಿರಾಕರಿಸಿದವನು ಕಾರಣ ಹೇಳಬೇಕೋ ಇಲ್ಲವೋ ಎಂಬಿವುಗಳನ್ನೆಲ್ಲ ಕೇಳಬೇಕು. ಎಲ್ಲಕ್ಕೂ ಮೇಲಾಗಿ, ಪ್ರಜೆಯ ಕೈಯಿಂದ ಆಯುಧವನ್ನು ತೆಗೆದುಕೊಳ್ಳುವವನು ಆ ಪ್ರಜೆಯನ್ನು ಕಾಯುವ ಹೊಣೆಯನ್ನೂ ಅದರೊಡನೆಯೇ ಹೊತ್ತುಕೊಂಡಂತಾಯಿತೆಂಬುದನ್ನು ಮರೆಯಬಾರದು. ರಾತ್ರಿ ಒಂಟಿಮನೆಯ ಹೆಂಗಸಿನ ಕೂಗಿಗೆ ಓಗೊಡದ ರಾಜ್ಯ, ಕೇರಿಯ ಬಡವನ ಫಿರ್ಯಾದನ್ನು ಬರೆದುಕೊಳ್ಳದ ಠಾಣೆ - ಇವು ಬಂದೂಕಿನ ಪರವಾನಗಿಯನ್ನು ಎಷ್ಟೇ ಬಿಗಿಮಾಡಿದರೂ ತಮ್ಮ ಸಾಲವನ್ನು ತೀರಿಸಿದಂತಾಗದು.

ಹಲಗಲಿಯ ಬೇಡರಿಗೆ ತರ್ಕಶಾಸ್ತ್ರವು ತಿಳಿದಿರಲಿಲ್ಲ. ಹಕ್ಕು ಎಂಬ ಶಬ್ದವನ್ನು ಅವರು ಯಾವ ಸಭೆಯಲ್ಲಿಯೂ ನುಡಿಯಲಿಲ್ಲ. ನಮ್ಮಿಂದ ಇದನ್ನು ತೆಗೆದುಕೊಂಡು ನಮಗೆ ಏನನ್ನು ಕೊಡುವಿರಿ ಎಂಬುದಿಷ್ಟೇ ಅವರ ಪ್ರಶ್ನೆ. ಉತ್ತರವಾಗಿ ಅಂದು ಬೆಂಕಿ ಬಂದಿತು. ನಮ್ಮ ರಾಜ್ಯವು ನಮ್ಮದೇ ಆಗಿರುವ ಈ ದಿನಗಳಲ್ಲಿ, ಅದಕ್ಕಿಂತ ಒಳ್ಳೆಯ ಉತ್ತರವನ್ನು ಕೊಡುವ ಹೊಣೆಯು ಶಾಸನ ಮಾಡುವವರ ಮೇಲೆಯೂ, ಅವರನ್ನು ಆರಿಸುವ ನಮ್ಮ ಮೇಲೆಯೂ ಇದೆ.